ಕೋಳಿಗಳ ಉಸಿರಾಟದ ರೋಗಗಳು: ಶ್ವಾಸನಾಳದ ಜೀವಕೋಶ ಕೃಷಿ ಮತ್ತು ಮಾದರಿ ಪರೀಕ್ಷೆ

(ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳ ಕೋಳಿ ಸಾಕಾಣಿಕೆದಾರರ ಮಾಹಿತಿಗಾಗಿ)

ಕೆಮ್ಮು, ಗೊರಗೊರ ಉಸಿರು, ಮೊಟ್ಟೆ ಇಳುವರಿಯ ಕುಸಿತ ಇವು ಕೊಕ್ಕರೆ ರೋಗ (ರಾಣಿಖೇತ್), ಸಾಂಕ್ರಾಮಿಕ ಬ್ರಾಂಕೈಟಿಸ್ ಹಾಗೂ ಹಕ್ಕಿಜ್ವರ ಮೂರರಲ್ಲಿಯೂ ಕಂಡುಬರಬಹುದು. ಜವಾರಿ ಕೋಳಿಯಾಗಲಿ, ಫಾರಂ ಕೋಳಿಯಾಗಲಿ, ನೋಡಿದ ಮಾತ್ರಕ್ಕೆ ರೋಗವನ್ನು ನಿರ್ಧರಿಸಲಾಗದು.

ವೈರಾಣುವು ಜೀವಂತ ಕೋಶದೊಳಗಲ್ಲದೆ ವೃದ್ಧಿಸದು. ಇದಕ್ಕಾಗಿ ಭ್ರೂಣವಿರುವ ಮೊಟ್ಟೆಯನ್ನು ಬಹುಕಾಲದಿಂದ ಬಳಸಲಾಗುತ್ತಿದೆ. ಆದರೆ ಬ್ರಾಂಕೈಟಿಸ್ ವೈರಾಣು ಮೊಟ್ಟೆಗೆ ಒಗ್ಗಲು ಹಲವು ಬಾರಿ ಮರುವರ್ಗಾಯಿಸಬೇಕಾಗುವುದುಂಟು. ಶ್ವಾಸನಾಳದ ಅಂಗಾಂಶದಲ್ಲಿ ಈ ತೊಡಕು ಕಡಿಮೆ. 19-20 ದಿನಗಳ ಭ್ರೂಣದ ಶ್ವಾಸನಾಳವನ್ನು ತೆಳುವಾದ ಬಳೆಗಳಂತೆ ಕತ್ತರಿಸಿ ಪೋಷಕ ದ್ರಾವಣದಲ್ಲಿರಿಸಿದಲ್ಲಿ, ಒಳಪದರದ ಸೂಕ್ಷ್ಮ ರೋಮಗಳು ಚಲಿಸುತ್ತಲೇ ಇರುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ವೈರಾಣು ವೃದ್ಧಿಸಿದರೆ ಕೆಲವೇ ದಿನಗಳಲ್ಲಿ ಚಲನೆ ನಿಲ್ಲುತ್ತದೆ. ಕಫವನ್ನು ಹೊರದೂಡುವುದು ಈ ರೋಮಗಳೇ; ರೋಗಪೀಡಿತ ಕೋಳಿ ಗೊರಗುಟ್ಟುವುದಕ್ಕೆ ಇದೂ ಕಾರಣ. ಕೋಶಗಳನ್ನು ಬಿಡಿಸಿ, ಕೆಳಗೆ ದ್ರಾವಣ, ಮೇಲೆ ಗಾಳಿ ಇರುವಂತೆ ಪೊರೆಯ ಮೇಲೆ ಬೆಳೆಸುವ ವಿಧಾನವೂ ಉಂಟು. ಇವು ಮುಖ್ಯವಾಗಿ ಸಂಶೋಧನೆಗೆ. ದಿನನಿತ್ಯದ ರೋಗನಿರ್ಣಯಕ್ಕೆ ಪಿಸಿಆರ್ ಪರೀಕ್ಷೆ ಬಳಕೆಯಲ್ಲಿದೆ.

ವೈರಾಣುವನ್ನು ಬೆಳೆಸಲು ಮಾದರಿಯಲ್ಲಿ ಅದು ಜೀವಂತವಾಗಿರಬೇಕು. ಈ ಭಾಗದ ಬೇಸಿಗೆಯಲ್ಲಿ ಮಂಜುಗಡ್ಡೆಯಿಲ್ಲದೆ ಸಾಗಿಸಿದ ಮಾದರಿ ನಿರುಪಯುಕ್ತವಾಗಬಹುದು. ಆದುದರಿಂದ ಸಾಕಾಣಿಕೆದಾರರು ಸ್ವತಃ ಮಾದರಿ ಸಂಗ್ರಹಿಸದೆ, ಸತ್ತ ಕೋಳಿಯನ್ನು ಕೊಯ್ಯದೆ, ಹಳ್ಳಕ್ಕೆ ಎಸೆಯದೆ, ಕೂಡಲೇ ಸಮೀಪದ ಪಶು ಆಸ್ಪತ್ರೆಗೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸತಕ್ಕದ್ದು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ನಿಯಂತ್ರಣ ಕುರಿತ 2009ರ ಕೇಂದ್ರ ಅಧಿನಿಯಮದಡಿ ಇದು ಮಾಲೀಕರ ಕರ್ತವ್ಯವೂ ಆಗಿದೆ.

ಹಕ್ಕಿಜ್ವರದ ಶಂಕೆಯಿದ್ದಲ್ಲಿ ಅಂತಿಮ ದೃಢೀಕರಣ ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯದಿಂದಲೇ ಆಗಬೇಕು. 2012ರಲ್ಲಿ ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿ ರೋಗ ಕಾಣಿಸಿಕೊಂಡಾಗಲೂ ಇದೇ ಕ್ರಮ ಅನುಸರಿಸಲಾಗಿತ್ತು. ವರದಿ ಬರುವವರೆಗೆ ಕೋಳಿಗಳನ್ನು ಸಂತೆಗೆ ಒಯ್ಯಬಾರದು.