ಸೊಲ್ಲು ಹಿಡಿಯೋರು ಬೇಕು ಕಣ್ರವ್ವ

ಮೊನ್ನೆ ನಮ್ಮ ಚಿಕ್ಕವ್ವನ ಮೊಮ್ಮಗಳ ಮದುವೇಲಿ ಹೆಣ್ಣನ್ನ ಹಸೆಮಣೆ ಮೇಲೆ ಕೂರಿಸಿದಾಗ, ಮೂಲೇಲಿ ಕುಂತಿದ್ದ ಅಜ್ಜಿ ಒಬ್ರು "ಯಾರಾದ್ರೂ ಒಂದು ಸೊಲ್ಲು ಎತ್ರವ್ವ" ಅಂದ್ರು. ನಲವತ್ತು ಜನ ಹೆಂಗಸರಿದ್ವಿ. ಒಬ್ರ ಮೊಕ ಒಬ್ರು ನೋಡ್ಕಂಡ್ವಿ, ಅಷ್ಟೆ. ಕೊನೆಗೆ ಮೈಕಿನ ಹುಡುಗ ಯಾವುದೋ ಸೋಬಾನೆ ಪದ ಹಾಕ್ದ. ಚೆಂದಾಗೇ ಇತ್ತು. ಆದ್ರೆ ಅದರಲ್ಲಿ ನಮ್ಮ ಹುಡುಗಿ ಹೆಸರಿರಲಿಲ್ಲ, ಗಂಡಿನ ಊರೂ ಇರಲಿಲ್ಲ.

ನಮ್ಮ ಬೂಕನಕೆರೆ ಸೀಮೇಲಿ ಪದ ಅನ್ನೋದು ಒಬ್ಬರ ಸೊತ್ತಲ್ಲ. ಒಬ್ಬಾಕೆ ಮುಂದಲ ಸೊಲ್ಲು ಎತ್ತುತ್ತಿದ್ಲು, ಮಿಕ್ಕೋರು ಹಿಂದಲ ಸೊಲ್ಲು ಹಿಡೀತಿದ್ರು. ಅವರು ಹಾಡೋ ಅಷ್ಟರಲ್ಲಿ ಇವಳು ಮುಂದಿನ ಸಾಲು ಕಟ್ಕಳೋಳು. ಹೆಣ್ಣಿನ ಹೆಸರು, ಸೋದರಮಾವನ ಹೆಸರು, ತಂದ ಸೀರೆ ಬಣ್ಣ ಎಲ್ಲಾ ಆ ಸಂದೀಲಿ ಪದದೊಳಕ್ಕೆ ಬರೋವು. ಬೀಗರನ್ನ ಹಂಗಿಸೋ ಪದ ಬಂತು ಅಂದ್ರೆ ಮುಗೀತು. ಈ ಕಡೆಯೋರು ಒಂದು ಅಂದ್ರೆ ಆ ಕಡೆಯೋರು ಎರಡು ಕಟ್ಟೋರು. ಬಾಯಿ ಬಿಡದ ಸೊಸೇನೂ ಅವತ್ತು ಅತ್ತೆ ಎದುರಿಗೇ ಪದದಲ್ಲಿ ಮಾತಾಡಬೌದಿತ್ತು, ಯಾರೂ ಕೇಳಂಗಿರಲಿಲ್ಲ.

ಬೀದೀನೂ ಹಂಗೇ. ಬೆಳ್ದಿಂಗಳ ದಿನಗಳಲ್ಲಿ ತಿಂಗಳಮಾಮನ ಪದ ಅಂತ ಹೆಂಗಸರು ರಾತ್ರಿ ಊಟ ಆದ್ಮೇಲೆ ಬೀದೀಲಿ ಸೇರೋರು. ಹಗಲೊತ್ತು ಗಂಡಸರು ಕೂರೋ ಜಾಗ ರಾತ್ರಿ ನಮ್ಮದು. ನಾಟಿ ಗದ್ದೇಲಿ ಸಾಲು ಹಿಡಿದ ಹೆಣ್ಣಾಳುಗಳೂ ಪದ ಹೇಳ್ಕಂಡೇ ಪೈರು ಊರೋರು.

ಇದನ್ನ ಮೊದಲು ಕಾಗದಕ್ಕೆ ಇಳಿಸಿದೋರು ದೂರದೋರಲ್ಲ. ವಿಜಯಪುರದ ಕಡೆ ಹಲಸಂಗಿ ಗೆಳೆಯರು 'ಗರತಿಯ ಹಾಡು' ತಂದದ್ದು 1931ರಲ್ಲಿ. ಅದಾಗಿ ಎರಡೇ ವರ್ಷಕ್ಕೆ, 1933ರಲ್ಲಿ, ನಮ್ಮ ಕೃಷ್ಣರಾಜಪೇಟೆ ತಾಲ್ಲೂಕಿನ ಬಂಡಿಹೊಳೆಯ ಅರ್ಚಕ ಬಿ. ರಂಗಸ್ವಾಮಿಯವರು 'ಹುಟ್ಟಿದ ಹಳ್ಳಿ ಹಳ್ಳಿಯ ಹಾಡು' ಅಂತ ಪುಸ್ತಕ ಮಾಡಿದ್ರು. ದೇವರ ಪೂಜೆ ಮಾಡೋ ಮನುಷ್ಯ, ತನ್ನೂರ ಪದಗಳನ್ನ ಬರ್ಕಳೋಕೆ ಕೂತದ್ದು ದೊಡ್ಡದು ಅಂತೀನಿ ನಾನು. ಆಮೇಲೆ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿದ್ರು, ರಾಮನಗರದ ಹತ್ರ ಜಾನಪದ ಲೋಕ ಮಾಡಿದ್ರು. ಅವರದ್ದೊಂದು ಪುಸ್ತಕದ ಹೆಸರೇ 'ಸೋಬಾನೆ ಚಿಕ್ಕಮ್ಮನ ಪದಗಳು'. ಹೇಳಿದಾಕೆ ಹೆಸರು ಪುಸ್ತಕದ ಮೇಲೇ ಬಂತಲ್ಲ, ನನಗೆ ಅದು ಬಲು ಸಂತೋಷ.

ಪದ ಪುಸ್ತಕಕ್ಕೆ ಹೋದ್ವು ಸರಿ, ಬಾಯಿಂದ ಯಾಕೆ ಹೋದ್ವು? ಮಿಲ್ಲು ಬಂತು, ರಾಗಿಕಲ್ಲು ಹಟ್ಟಿ ಹಿಂದಕ್ಕೆ ಬಿತ್ತು, ಬೀಸೋ ಪದ ಹೋಯ್ತು. ಅದಕ್ಕೆ ನಾನಂತೂ ಅಳಲ್ಲ. ಕೋಳಿ ಕೂಗೋಕೆ ಮುಂಚೆ ಎದ್ದು ಬೀಸಿ ಬೀಸಿ ನಮ್ಮವ್ವನ ತೋಳು ಬಿದ್ದೋಗಿತ್ತು. ಆದ್ರೆ ಮದುವೆ ನಿಂತಿಲ್ವಲ್ಲ, ಬೆಳ್ದಿಂಗಳೂ ನಿಂತಿಲ್ಲ. ಚಪ್ಪರದಿಂದ ಛತ್ರಕ್ಕೆ ಹೋದ್ವಿ, ಬೀದಿಯಿಂದ ಟೀವಿ ಮುಂದಕ್ಕೆ ಹೋದ್ವಿ. ಅಲ್ಲಿ ಕೇಳೋ ಕೆಲಸ ಮಾತ್ರ ಉಳೀತು.

ಮದುವೆಯಿಂದ ಬಂದೋಳೆ ಅವ್ವನ ಮುಂದೆ ಫೋನ್ ಇಟ್ಟು "ಪದ ಹೇಳವ್ವ, ರೆಕಾರ್ಡ್ ಮಾಡ್ಕತೀನಿ" ಅಂದೆ. ಎರಡು ಸಾಲು ಹೇಳಿ ನಿಲ್ಲಿಸಿಬುಟ್ರು. ಮರ್ತೋಯ್ತೇನೋ ಅಂದ್ಕಂಡೆ. "ಮರ್ತಿಲ್ಲ ಕಣೆ, ನೀನು ಹಿಡೀಲಿಲ್ವಲ್ಲ" ಅಂದ್ರು. ಆಮೇಲೆ ನನಗೆ ಹಿಂದಲ ಸೊಲ್ಲು ಕಲಿಸಿದ್ರು. ನಾನು ಹಿಡಿದೆ. ಮೂವತ್ತಕ್ಕೂ ಹೆಚ್ಚು ಸಾಲು ಬಂದ್ವು, ಎರಡರಲ್ಲಿ ನನ್ನ ಹೆಸರೂ ಇತ್ತು.

ಬರೋ ಹುಣ್ಣಿಮೆ ರಾತ್ರಿ ನಮ್ಮನೆ ಜಗಲಿಗೆ ಬನ್ನಿ. ಅವ್ವ ಸೊಲ್ಲು ಎತ್ತುತಾರಂತೆ. ಚಾಪೆ ನೀವೇ ತರಬೇಕು, ನಮ್ಮವು ಸಾಲಲ್ಲ.