ಬೀರುವಿನೊಳಗಿನ ವಿಮಾನ

ಕಳೆದ ಬೇಸಿಗೆ ರಜೆಯಲ್ಲಿ ಸ್ಟಾಫ್ ರೂಮಿನ ಬೀರು ಖಾಲಿ ಮಾಡುತ್ತಿದ್ದಾಗ, ಹಳೆಯ ಉತ್ತರಪತ್ರಿಕೆಗಳ ಕಟ್ಟಿನ ಹಿಂದಿನಿಂದ ಒಂದು ಥರ್ಮೋಕೋಲ್ ವಿಮಾನ ಹೊರಬಂತು. ರೆಕ್ಕೆಯ ಒಂದು ತುದಿಯನ್ನು ಇಲಿ ಕಡಿದಿತ್ತು. ಅದನ್ನು ಅಲ್ಲಿಟ್ಟವಳು ನಾನೇ.

2009ರಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಹಳೆಯ ಟೇಪ್ ರೆಕಾರ್ಡರಿನ ಮೋಟರು ಕೂರಿಸಿ ಅದನ್ನು ಮಾಡಿದ್ದ. ಬೆಳಗಿನ ಪ್ರಾರ್ಥನೆಗೆ ಮುಂಚೆ ಹಾರಿಸಲು ಹೋದ. ಅದು ಸಾಲಿನಲ್ಲಿ ನಿಂತ ಹುಡುಗಿಯೊಬ್ಬಳ ಕಣ್ಣಿನ ಪಕ್ಕಕ್ಕೆ ಬಡಿಯಿತು. ನಾನು ಬೈದು, ಕಿತ್ತುಕೊಂಡು, "ಪರೀಕ್ಷೆ ಮುಗಿದ ಮೇಲೆ ತಗೊಂಡು ಹೋಗು" ಎಂದು ಬೀಗ ಹಾಕಿದೆ. ಅವನು ಕೇಳಲಿಲ್ಲ, ನಾನು ಕೊಡಲಿಲ್ಲ.

ಸಮಾಜ ವಿಜ್ಞಾನದ ಟೀಚರಿಗೆ ಒಂದು ಇಸವಿ ಸಿಕ್ಕರೆ ಸುಮ್ಮನಿರಲಾಗುವುದಿಲ್ಲ ನೋಡಿ. ಇಂಥ ಪುಟ್ಟ ವಿಮಾನಗಳ ಹುಚ್ಚಿರುವ ನನ್ನ ಅಳಿಯನನ್ನು ಕೇಳಿದೆ, ಒಂದಿಷ್ಟು ಓದಿದೆ. ಅದೇ 2009ರಲ್ಲಿ ದೂರದ ಅಮೆರಿಕದಲ್ಲಿ ಇಂಥದೇ ಹಗುರ ವಿಮಾನಕ್ಕೆ ತಾನಾಗಿ ದಾರಿ ಹಿಡಿಯುವ ಬುದ್ಧಿ ಬಂದಿತ್ತು.

ಕಥೆ ಶುರುವಾದದ್ದು ಊಟದ ಮೇಜಿನಲ್ಲಿ. ಕ್ರಿಸ್ ಆಂಡರ್ಸನ್ ಎಂಬ ಪತ್ರಿಕಾ ಸಂಪಾದಕ 2007ರ ಒಂದು ವಾರಾಂತ್ಯ ಮಕ್ಕಳನ್ನು ರಂಜಿಸಲು ಲೆಗೊ ರೋಬಾಟ್ ಪೆಟ್ಟಿಗೆಯನ್ನೂ ರಿಮೋಟಿನ ವಿಮಾನವನ್ನೂ ತಂದ. ಮಕ್ಕಳಿಗೆ ರೋಬಾಟ್ ಸಪ್ಪೆ ಎನಿಸಿತು, ವಿಮಾನ ಮರಕ್ಕೆ ಸಿಕ್ಕಿಕೊಂಡಿತು. ಅಪ್ಪನಿಗೆ ಮಾತ್ರ, ಈ ರೋಬಾಟೇ ಆ ವಿಮಾನವನ್ನು ನಡೆಸಿದರೆ ಹೇಗೆ ಎಂದು ಹೊಳೆಯಿತು. ಮಕ್ಕಳ ಜೊತೆ ಕೂತು ಲೆಗೊ ತುಂಡುಗಳಲ್ಲೇ ಒಂದು ಸ್ವಯಂಚಾಲಕ ಮಾಡಿದ. ಮಕ್ಕಳಿಗೆ ಬೇಗನೆ ಬೇಜಾರಾಯಿತು, ಅಪ್ಪನಿಗೆ ಆಗಲಿಲ್ಲ. ಇದು ಎಲ್ಲ ಮನೆಯ ಕಥೆಯೇ ಅಲ್ಲವೆ?

ಆ ದಿನಗಳಲ್ಲೇ ಮೆಕ್ಸಿಕೋದ ತಿಹುವಾನಾ ಕಡೆಯ ಹೋರ್ಡಿ ಮುನ್ಯೋಸ್ ಎಂಬ ಇಪ್ಪತ್ತರ ಆಸುಪಾಸಿನ ಹುಡುಗ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದ. ಹೆಂಡತಿ ಬಸುರಿ. ಸರ್ಕಾರದ ಕಾಗದ ಬರುವ ತನಕ ಅವನು ಕೆಲಸಕ್ಕೂ ಸೇರುವಂತಿಲ್ಲ, ಓದಲೂ ಹೋಗುವಂತಿಲ್ಲ. ಮನೆಯಲ್ಲಿ ಕೂತವನು ವಿಡಿಯೋ ಆಟದ ಕೈಪಿಡಿಯೊಂದನ್ನು ಬಿಚ್ಚಿ, ಅದರೊಳಗಿನ ಓಲಾಟ ಅಳೆಯುವ ಬಿಡಿಭಾಗವನ್ನು ಆಟಿಕೆಯ ಹೆಲಿಕಾಪ್ಟರಿಗೆ ಜೋಡಿಸಿದ. ಲೆಕ್ಕ ಹಾಕುವುದಕ್ಕೆ ಆರ್ಡುಯಿನೊ ಎಂಬ ಅಗ್ಗದ ಪುಟ್ಟ ಹಲಗೆ. ಇಟಲಿಯ ಇವ್ರಿಯಾದಲ್ಲಿ 2005ರಲ್ಲಿ ಹುಟ್ಟಿದ ಆ ಹಲಗೆಗೆ ಅಲ್ಲಿನ ಒಂದು ಬಾರಿನ ಹೆಸರಿಟ್ಟಿದ್ದಾರೆ. ಬಾರಿಗೆ ಹಳೆಯ ರಾಜನೊಬ್ಬನ ಹೆಸರು! ಮುನ್ಯೋಸನ ಕೆಲಸ ನೋಡಿ ಆಂಡರ್ಸನ್ ಮುಖಪರಿಚಯವೂ ಇಲ್ಲದ ಅವನಿಗೆ 500 ಡಾಲರಿನ ಚೆಕ್ ಕಳಿಸಿದ. 2009ರಲ್ಲಿ ಇಬ್ಬರೂ ಸೇರಿ ಕಂಪನಿ ಕಟ್ಟಿದರು. ಆರ್ಡುಪೈಲಟ್ ಎಂಬ ಸ್ವಯಂಚಾಲಕ ಹೊರಬಂತು.

ಇವರೇ ಮೊದಲಿಗರಲ್ಲ. ಫ್ರಾನ್ಸಿನ ತುಲೂಸಿನಲ್ಲಿ ಪಾಸ್ಕಲ್ ಬ್ರಿಸ್ಸೆ ಮತ್ತು ಆಂತ್ವಾನ್ ದ್ರುಯಾಂ ಎಂಬುವರು 2003ರಲ್ಲೇ ಪಾಪರಾಟ್ಸಿ ಹೆಸರಿನ ಸ್ವಯಂಚಾಲಕ ಮಾಡಿದ್ದರು. ಎರಡರಲ್ಲೂ ವಿಶೇಷವೆಂದರೆ ಒಳಗಿನ ಗುಟ್ಟನ್ನು ಬಚ್ಚಿಡಲಿಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅಮ್ಮ ಅಳತೆ ಸಮೇತ ಬರೆದುಕೊಟ್ಟ ಸಾರಿನಪುಡಿಯ ಚೀಟಿ ಊರೆಲ್ಲ ತಿರುಗಿ, ಒಬ್ಬರು ಇಂಗು ಹೆಚ್ಚಿಸಿ ಒಬ್ಬರು ಮೆಣಸು ತಗ್ಗಿಸಿ ಬೇರೆಯೇ ರುಚಿಗೆ ಬರುತ್ತದಲ್ಲ, ಹಾಗೆ.

ಇದಕ್ಕೆ ಒಗ್ಗಿದ ವಿಮಾನವೋ, ನಮ್ಮ ಥರ್ಮೋಕೋಲಿನ ಬಂಧುವಾದ ನೊರೆಯಂಥ ವಸ್ತುವಿನದು. ಜರ್ಮನಿಯ ಮಲ್ಟಿಪ್ಲೆಕ್ಸ್ ಕಂಪನಿಯ ಈಜಿಸ್ಟಾರ್ ಅದರಲ್ಲಿ ಹೆಸರಾಯಿತು. ಅಳಿಯ ತನ್ನ ವಿಮಾನವನ್ನು ಮಡಿಲಲ್ಲಿಟ್ಟುಕೊಂಡು ನನಗೆ ಪಾಠ ಹೇಳಿದ. ಬೊಗಸೆ ಒಡ್ಡುವಾಗ ಅಂಗೈಗಳು ಮೇಲಕ್ಕೆ ಬಾಗುವಂತೆ ರೆಕ್ಕೆಗಳು ತುಸು ಮೇಲೆದ್ದಿರುತ್ತವೆ. ಗಾಳಿ ಒಂದು ಪಕ್ಕಕ್ಕೆ ವಾಲಿಸಿದರೂ ತಾನಾಗಿ ಸಮಕ್ಕೆ ಬರುತ್ತದೆ. ಸ್ವಯಂಚಾಲಕ ತಡವರಿಸಿದರೂ ವಿಮಾನ ತಡೆದುಕೊಳ್ಳುತ್ತದೆ. ಪ್ರೊಪೆಲರ್ ಹಿಂದಕ್ಕಿರುವುದರಿಂದ ಮೂಗಿನ ಮೇಲೆ ಬಿದ್ದರೂ ಅದು ಮುರಿಯುವುದು ಕಡಿಮೆ. ಹೊಟ್ಟೆ ಒಡೆದರೆ ಅಂಟು ಹಚ್ಚಿ ಮತ್ತೆ ಹಾರಿಸಬಹುದು.

ನನಗೆ ತೀರಾ ಮೆಚ್ಚಿಗೆಯಾದದ್ದು ಮೊದಲ ದಿನಗಳ ಆ ಸ್ವಯಂಚಾಲಕಗಳು ನೆಟ್ಟಗೆ ಹಾರಲು ಕಲಿತ ಬಗೆ. ಆಕಾಶ ತಣ್ಣಗೆ, ನೆಲ ಬೆಚ್ಚಗೆ. ಶಾಖ ಗುರುತಿಸುವ ಪುಟ್ಟ ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಇಟ್ಟರೆ, ವಾಲಿದ ಕಡೆಯ ಕಣ್ಣಿಗೆ ನೆಲದ ಬಿಸಿ ಹೆಚ್ಚು ತಾಕುತ್ತದೆ. ಆ ವ್ಯತ್ಯಾಸ ಹಿಡಿದು ಚುಕ್ಕಾಣಿ ತಿರುಗಿಸಿದರಾಯಿತು. ಮುಂದೆ ಅದರ ಜಾಗಕ್ಕೆ ಬೇರೆ ಉಪಕರಣಗಳು ಬಂದವೆನ್ನಿ.

2012ರಲ್ಲಿ ಲಿಯನ್ ಪಿನ್ ಕೋ ಮತ್ತು ಸೆರ್ಜ್ ವಿಕ್ ಎಂಬ ಇಬ್ಬರು ವಿಜ್ಞಾನಿಗಳು ಇಂಥದೇ ವಿಮಾನವನ್ನು ಸುಮಾತ್ರಾದ ಕಾಡಿಗೆ ಒಯ್ದರು. ಖರ್ಚು 2,000 ಡಾಲರಿಗೂ ಕಡಿಮೆ. ಒಮ್ಮೆ ಬಿಟ್ಟರೆ ಸುಮಾರು 25 ನಿಮಿಷ, 15 ಕಿಲೋಮೀಟರ್. ಅಲ್ಲಿನ ಒರಾಂಗುಟಾನ್ ರಾತ್ರಿ ಮಲಗಲು ಮರದ ಮೇಲೆ ಕೊಂಬೆ ಬಗ್ಗಿಸಿ ಗೂಡು ಹೆಣೆಯುತ್ತದೆ. ಆ ಗೂಡುಗಳನ್ನು ಎಣಿಸಿದರೆ ಪ್ರಾಣಿಗಳೆಷ್ಟಿವೆ ಎಂಬ ಅಂದಾಜು ಸಿಗುತ್ತದೆ. ಕಾಡಿನೊಳಗೆ ನಡೆದು, ಕತ್ತೆತ್ತಿ ಎಣಿಸುವುದು ಬಲು ಖರ್ಚಿನ, ನಿಧಾನದ ಕೆಲಸ. ವಿಮಾನ ಮರಗಳ ತಲೆಯ ಮೇಲಿನಿಂದ ಗೂಡುಗಳ ಚಿತ್ರ ತೆಗೆದು ತಂದಿತು. ಕಾಡು ಕಡಿದು ತೋಟ ಮಾಡಿದ್ದೂ ಅದರಲ್ಲಿ ಕಂಡಿತು.

ಎಲ್ಲರಿಗೂ ಕೊಟ್ಟದ್ದು ಎಲ್ಲರ ಕೈಗೂ ಹೋಗುತ್ತದೆ. 2025ರ ಜೂನ್‌ನಲ್ಲಿ ಯುಕ್ರೇನ್ ರಷ್ಯಾದ ವಾಯುನೆಲೆಗಳ ಮೇಲೆ ಬಿಟ್ಟ ಡ್ರೋನುಗಳಲ್ಲಿ ಆರ್ಡುಪೈಲಟ್ ಇತ್ತೆಂಬ ವರದಿ ಓದಿದ ದಿನ, ಆ ಊಟದ ಮೇಜೂ ಮಕ್ಕಳೂ ನೆನಪಾಗಿ ಸಂಕಟವಾಯಿತು.

ಕೊನೆಗೆ ವಿಮಾನವನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಹುಡುಗನನ್ನು ಹುಡುಕಿ ಹೋದೆ. ಬಸ್ ನಿಲ್ದಾಣದ ಹಿಂದೆ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಎದ್ದು ನಿಂತ, ಸ್ಟೂಲ್ ಒರೆಸಿ ಕೊಟ್ಟ.

"ತಪ್ಪಾಯ್ತಪ್ಪ, ಆವತ್ತೇ ಕೊಡಬೇಕಿತ್ತು" ಎಂದೆ.

"ಅಯ್ಯೋ ಬಿಡಿ ಮಿಸ್, ಆ ಹುಡುಗಿ ಕಣ್ಣಿಗೇ ಬಿದ್ದಿದ್ರೆ?" ಎಂದ. ಆಮೇಲೆ ಎರಡು ಬೆರಳ ತುದಿಯನ್ನು ರೆಕ್ಕೆಗಳ ಕೆಳಗಿಟ್ಟು ಮೆಲ್ಲಗೆ ಎತ್ತಿದ. ಬಾಲ ಕೆಳಕ್ಕೆ ಜಗ್ಗಿತು.

"ನೋಡಿ, ಹಿಂದೆ ಭಾರ. ಅದಕ್ಕೇ ಬಿದ್ದಿದ್ದು. ಆಗ ಗೊತ್ತಾಗ್ಲಿಲ್ಲ."

ಗಿರಾಕಿ ಕಾಯುತ್ತಿದ್ದರೂ ಅವನು ಡ್ರಾಯರ್ ಎಳೆದು, ಮೂಗಿಗೆ ಅಂಟಿಸಲು ವಾಷರ್ ಹುಡುಕತೊಡಗಿದ.