ತೊಡೆಸಂದಿನ ಗಾರ್ಡ್

ಆಟದ ವೇಳೆ ಚೆಂಡು, ಮೊಣಕಾಲು, ಒದೆತಗಳಿಂದ ಜನನಾಂಗಕ್ಕೆ ಬೀಳುವ ಪೆಟ್ಟನ್ನು ತಡೆಯಲು ಉಡುಪಿನೊಳಗೆ ತೊಡುವ ಬಟ್ಟಲಿನಾಕಾರದ ಸಾಧನ. ಕ್ರಿಕೆಟ್ ಸಾಮಾನಿನ ಅಂಗಡಿಗಳಲ್ಲಿ ಇದು ಅಬ್ಡಾಮಿನಲ್ ಗಾರ್ಡ್ ಅಥವಾ ಎಲ್ ಗಾರ್ಡ್. ಇಂಗ್ಲೆಂಡಿನಲ್ಲಿ ಬಾಕ್ಸ್, ಅಮೆರಿಕದಲ್ಲಿ ಕಪ್. ನಮ್ಮ ಮೈದಾನಗಳಲ್ಲಿ ಬರೀ ‘ಗಾರ್ಡ್’ ಎಂದರೆ ಸಾಕು.

ಗಾರ್ಡ್ ಪೆಟ್ಟನ್ನು ನುಂಗಿಬಿಡುವುದಿಲ್ಲ, ಬೇರೆಡೆಗೆ ದಾಟಿಸುತ್ತದೆ. ಕ್ರಿಕೆಟ್ ಚೆಂಡಿನ ತೂಕ 155.9ರಿಂದ 163 ಗ್ರಾಂ. ಗಂಟೆಗೆ 140 ಕಿ.ಮೀ. ವೇಗದಲ್ಲಿ ಬೌಲರ್‌ನ ಕೈಬಿಟ್ಟ ಚೆಂಡಿನಲ್ಲಿ ಸುಮಾರು 120 ಜೂಲ್ ಶಕ್ತಿ ಇರುತ್ತದೆ. ನೆಲಕ್ಕೆ ಬಡಿದು ವೇಗ ತಗ್ಗಿದ ಮೇಲೂ ಉಳಿಯುವುದು ಕಡಿಮೆಯೇನಲ್ಲ. ಗಟ್ಟಿ ಚಿಪ್ಪು ಈ ಹೊಡೆತವನ್ನು ತನ್ನ ಅಂಚಿನ ಉದ್ದಕ್ಕೂ ಹಂಚಿ ಜಘನಾಸ್ಥಿ ಮತ್ತು ಸುತ್ತಲಿನ ಮಾಂಸಖಂಡದ ಮೇಲೆ ಹೊರಿಸುತ್ತದೆ. ಹಾಗಾಗಬೇಕಾದರೆ ಅಂಚು ಎಲ್ಲ ಕಡೆಯೂ ಮೈಗೆ ಕೂತಿರಬೇಕು, ಚಿಪ್ಪಿಗೂ ಒಳಗಿನ ಅಂಗಕ್ಕೂ ನಡುವೆ ತುಸು ಜಾಗ ಇರಬೇಕು. ಕೊಳ್ಳುವವರು ಮೊದಲು ಕೇಳುವ ‘ಯಾವುದು ಗಟ್ಟಿ?’ ಎಂಬ ಪ್ರಶ್ನೆ ನಿಜಕ್ಕೂ ಎರಡನೆಯದು. ಅಲುಗಾಡುವ ದುಬಾರಿ ಗಾರ್ಡಿಗಿಂತ ಸರಿಯಾಗಿ ಕೂತ ಅಗ್ಗದ ಪ್ಲಾಸ್ಟಿಕ್ಕೇ ಮೇಲು. ಗಾರ್ಡ್ ಜಾರಿ, ಅದರ ಅಂಚಿಗೂ ಮೂಳೆಗೂ ನಡುವೆ ವೃಷಣ ಸಿಕ್ಕಿಕೊಂಡರೆ ಗಾಯ ಮಾಡುವುದು ಗಾರ್ಡೇ.

ಅಳತೆಗಳು ಸಾಮಾನ್ಯವಾಗಿ ಬಾಯ್ಸ್, ಯೂತ್, ಮೆನ್ ಎಂದು ವಿಂಗಡವಾಗಿರುತ್ತವೆ. ಮುಂದಿನ ವರ್ಷಕ್ಕೂ ಆಗಲಿ ಎಂದು ಮಕ್ಕಳಿಗೆ ದೊಡ್ಡದನ್ನು ಕೊಡಿಸುವ ಅಭ್ಯಾಸ ಶೂ ವಿಷಯದಲ್ಲಿ ನಡೆದೀತು, ಇಲ್ಲಿ ನಡೆಯದು. ತೊಟ್ಟುಕೊಂಡು ಕುಕ್ಕರಗಾಲಲ್ಲಿ ಕೂತು, ಬ್ಯಾಟಿಂಗ್ ನಿಲುವಿನಲ್ಲಿ ಬಗ್ಗಿ, ನಾಲ್ಕು ಹೆಜ್ಜೆ ಓಡಿ ನೋಡಬೇಕು. ತೊಡೆಗೆ ಕೊರೆದರೂ ಸರಿದರೂ ಅದು ಆ ಮೈಯದಲ್ಲ. ಅಂಚಿಗೆ ಮೆತ್ತೆ ಇದ್ದರೆ ಒಳ್ಳೆಯದು. ಚಿಪ್ಪಿಗೆ ಪಾಲಿಪ್ರೊಪಿಲೀನ್, ಪಾಲಿಕಾರ್ಬೊನೇಟ್ ಹೆಚ್ಚು ಬಳಕೆಯಲ್ಲಿವೆ. ಮುಯ್ ಥಾಯ್ ಕಾದಾಳುಗಳು ದಾರದಿಂದ ಬಿಗಿದು ಕಟ್ಟುವ ಉಕ್ಕಿನ ಕಪ್ಪನ್ನು ಇಂದಿಗೂ ಬಿಟ್ಟಿಲ್ಲ. ಮೊಣಕಾಲಿನ ಏಟು ಎದುರಿಸುವವರಿಗೆ ಭಾರಕ್ಕಿಂತ ಭದ್ರತೆ ಮುಖ್ಯ.

ಗಾರ್ಡನ್ನು ಹಿಡಿದಿಡುವ ಒಳ ಉಡುಪು ಗಾರ್ಡಿನಷ್ಟೇ ಮುಖ್ಯ. ಎಷ್ಟೋ ಆಟಗಾರರು ಎರಡು ಬಿಗಿ ಚಡ್ಡಿಗಳ ನಡುವೆ ಸಿಕ್ಕಿಸಿಕೊಂಡು ಆಡುತ್ತಾರೆ. ಕೆಲಸ ನಡೆಯುತ್ತದೆ, ಆದರೆ ರನ್ ಓಡುವಾಗ ಕೈ ಪದೇ ಪದೇ ಅಲ್ಲಿಗೇ ಹೋಗುತ್ತದೆ. ಚೀಲವಿರುವ ಸಪೋರ್ಟರ್ ಕೊಂಡರೆ ಆ ಪಜೀತಿ ಇಲ್ಲ. ಪಾಶ್ಚಾತ್ಯ ಮಾದರಿಯ ಸಪೋರ್ಟರ್, ಅಂದರೆ ಜಾಕ್‌ಸ್ಟ್ರ್ಯಾಪ್, 1874ರಲ್ಲಿ ಹುಟ್ಟಿತು. ಷಿಕಾಗೋದ ಶಾರ್ಪ್ ಅಂಡ್ ಸ್ಮಿತ್ ಸಂಸ್ಥೆಯ ಸಿ. ಎಫ್. ಬೆನೆಟ್ ಅದನ್ನು ರೂಪಿಸಿದ್ದು ಬಾಸ್ಟನ್ನಿನ ಕಲ್ಲುಹಾಸಿನ ಬೀದಿಗಳಲ್ಲಿ ಕುಲುಕಾಡುತ್ತಿದ್ದ ಸೈಕಲ್ ಸವಾರರಿಗಾಗಿ. ಮೈಸೂರಿನ ಗರಡಿಮನೆಗಳ ಲಂಗೋಟಿಯೂ ಇದೇ ಜಾತಿಯದು. ಎರಡೂ ಅಂಗವನ್ನು ಎತ್ತಿ ಹಿಡಿಯುತ್ತವೆಯೇ ಹೊರತು, ಚಿಪ್ಪಿಲ್ಲದೆ ಚೆಂಡಿನ ಪೆಟ್ಟು ತಡೆಯಲಾರವು.

ಯಾವ ಆಟ ಎಂಬುದರ ಮೇಲೆ ಆಯ್ಕೆ ನಿಂತಿದೆ. ಕ್ರಿಕೆಟ್ಟಿನಲ್ಲಿ ಬ್ಯಾಟರ್, ವಿಕೆಟ್ ಕೀಪರ್‌ಗಳ ಜೊತೆಗೆ ಶಾರ್ಟ್ ಲೆಗ್, ಸಿಲ್ಲಿ ಪಾಯಿಂಟ್‌ನಲ್ಲಿ ನಿಲ್ಲುವವರಿಗೂ ಗಾರ್ಡ್ ಬೇಕು. ಹಾಕಿಯಲ್ಲಿ ಗೋಲ್‌ಕೀಪರ್ ಅಷ್ಟೇ ಅಲ್ಲ, ಪೆನಾಲ್ಟಿ ಕಾರ್ನರ್ ತಡೆಯಲು ನುಗ್ಗುವವರೂ ತೊಡಬೇಕು. ಅಲ್ಲಿ ಗೋಲಿಗೆ ಹೊಡೆಯುವ ಡ್ರ್ಯಾಗ್ ಫ್ಲಿಕ್‌ನ ಚೆಂಡು ಗಂಟೆಗೆ 100 ಕಿ.ಮೀ. ಮೀರುತ್ತದೆ. ಟೇಕ್ವಾಂಡೋ ಸ್ಪರ್ಧೆಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಸಮವಸ್ತ್ರದೊಳಗೆ ಗಾರ್ಡ್ ಕಡ್ಡಾಯ. ಜೂಡೋದಲ್ಲಿ ಇದಕ್ಕೆ ವಿರುದ್ಧ: ಎದುರಾಳಿಗೆ ಗಾಯವಾದೀತೆಂದು ಗಟ್ಟಿ ವಸ್ತು ತೊಡುವುದೇ ನಿಷಿದ್ಧ. ಹೊಸ ಆಟ ಕಲಿಯುವವರು ಅಂಗಡಿಗೆ ಹೋಗುವ ಮುನ್ನ ನಿಯಮ ನೋಡುವುದು ಲೇಸು.

ಹೆಂಗಸರ ಗಾರ್ಡ್ ಚಪ್ಪಟೆಯಾಗಿದ್ದು, ಜಘನಾಸ್ಥಿಯನ್ನೂ ಅದರ ಮುಂದಿನ ಮೃದು ಭಾಗವನ್ನೂ ಕಾಯುತ್ತದೆ. ಅಲ್ಲಿ ಪೆಟ್ಟು ಬಿದ್ದರೆ ರಕ್ತ ಹೆಪ್ಪುಗಟ್ಟಿ ಊತ ಬರಬಹುದು. ಗಂಡಸರ ಗಾರ್ಡಿನ ಚಿಕ್ಕ ಅಳತೆಯನ್ನು ಹುಡುಗಿಯರಿಗೆ ಕೊಟ್ಟರೆ ಆಕಾರವೇ ಹೊಂದುವುದಿಲ್ಲ.

ತಂಡದ ಕಿಟ್ ಬ್ಯಾಗಿನಲ್ಲಿ ಒಂದೇ ಗಾರ್ಡ್ ಇದ್ದು, ಔಟಾದವನಿಂದ ಮುಂದಿನವನಿಗೆ ಕೈಬದಲಾಗುವುದು ಶಾಲಾ ಕ್ರಿಕೆಟ್ಟಿನಲ್ಲಿ ಅಪರೂಪವಲ್ಲ. ಬೆವರು, ತೇವದ ಜೊತೆ ಹುಳುಕಡ್ಡಿಯಂಥ ಚರ್ಮರೋಗವೂ ಕೈಬದಲಾಗಬಹುದು. ಬ್ಯಾಟು ಹಂಚಿಕೊಳ್ಳಲಿ, ಗಾರ್ಡ್ ಮಾತ್ರ ಅವರವರದೇ ಆಗಿರಲಿ. ಆಡಿದ ಮೇಲೆ ಸೋಪಿನಿಂದ ತೊಳೆದು ಗಾಳಿಗೆ ಒಣಗಿಸಬೇಕು. ಸೀಳು ಕಂಡ ಚಿಪ್ಪನ್ನು ಎಸೆಯಬೇಕು, ಅಂಟು ಹಾಕಿ ಬಳಸಬಾರದು.

ತೊಡೆಸಂದಿನ ಸ್ನಾಯು ಸೆಳೆತಕ್ಕಾಗಲಿ ಹರ್ನಿಯಾಕ್ಕಾಗಲಿ ಗಾರ್ಡ್ ಮದ್ದಲ್ಲ. ಗಾರ್ಡ್ ತೊಟ್ಟಿದ್ದರೂ ಪೆಟ್ಟಿನ ನೋವು ಒಂದು ಗಂಟೆಯಾದರೂ ಇಳಿಯದಿದ್ದರೆ, ಊತ, ವಾಂತಿ, ಮೂತ್ರದಲ್ಲಿ ರಕ್ತ ಕಂಡರೆ, ಅಥವಾ ಒಂದು ವೃಷಣ ಮೇಲಕ್ಕೆ ಸರಿದಂತಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ವೃಷಣ ತಿರುಚಿಕೊಂಡಿದ್ದರೆ ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದಾಗ ಉಳಿಯುವ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ಮನೆಯಲ್ಲಿ ಹೇಳದೆ ರಾತ್ರಿ ಕಳೆಯುವ ಹುಡುಗರು ಕಳೆದುಕೊಳ್ಳುವುದು ಈ ಗಂಟೆಗಳನ್ನೇ.